ಮನೆ ಎದುರಿಗೇ ರೈಲಿದ್ದರೂ ನಾನು ಬಸ್ಸಿಗೆ ಹೋಗೋದು ಯಾಕೆ

ಊರಿಗೆ ಫೋನ್ ಮಾಡಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಬಾಸ್ಟನ್ನಲ್ಲಿ ನಿಮ್ಮನೆ ಎದುರಿಗೇ ರೈಲು ಬರ್ತದಂತೆ, ಮತ್ತೆ ಆಫೀಸಿಗೆ ಬಸ್ಸಲ್ಲಿ ಯಾಕೆ ಹೋಗ್ತಿ?" ಶಿರಸಿಯವರು ಹೀಗೆ ಕೇಳೋದು ಸಹಜ. ರೈಲು ಹತ್ತಬೇಕು ಅಂದ್ರೆ ನಮಗೆ ಘಟ್ಟ ಇಳಿದು ಕುಮಟಾ, ಇಲ್ಲಾ ತಾಳಗುಪ್ಪ, ಇಲ್ಲಾ ಹಾವೇರಿ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತನ್ನು ನಾನು ಶಾಲೆಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ.

ನನ್ನ ಮನೆ ಬ್ರೂಕ್‌ಲೈನಿನ ಕೂಲಿಜ್ ಕಾರ್ನರ್ ಹತ್ತಿರ. ಆಫೀಸು ನದಿಯಾಚೆ, ಹಾರ್ವರ್ಡ್ ಕಡೆ. ಮನೆ ಹತ್ತಿರ ಬರೋದು ಗ್ರೀನ್ ಲೈನ್, ಹಾರ್ವರ್ಡಿಗೆ ಹೋಗೋದು ರೆಡ್ ಲೈನ್. ಈ ಎರಡೂ ಸೇರೋದು ಪೇಟೆ ನಡುವಿನ ಪಾರ್ಕ್ ಸ್ಟ್ರೀಟಿನಲ್ಲಿ. ಅಂದರೆ ಪೂರ್ವಕ್ಕೆ ಪೇಟೆವರೆಗೆ ಹೋಗಿ, ರೈಲು ಬದಲಾಯಿಸಿ, ಮತ್ತೆ ಪಶ್ಚಿಮಕ್ಕೆ ಬರಬೇಕು. ಬಾಸ್ಟನ್ನಿನ ರೆಡ್, ಆರೆಂಜ್, ಬ್ಲೂ, ಗ್ರೀನ್ ಎಲ್ಲವೂ ಪೇಟೆಗೆ ಬಂದು ಸೇರುತ್ತವೆ. ಹೊರಗಿನ ಬಡಾವಣೆಗಳನ್ನು ಒಂದಕ್ಕೊಂದು ಜೋಡಿಸುವ ರೈಲು ಇಲ್ಲ. 66ನೇ ನಂಬರಿನ ಬಸ್ಸು ಮಾತ್ರ ನೆಟ್ಟಗೆ ನದಿ ದಾಟಿ ಹೋಗುತ್ತದೆ. ಹತ್ತಿದರೆ ಇಳಿಯೋದು ಹಾರ್ವರ್ಡಿನಲ್ಲೇ. ನಡುವೆ ಹತ್ತಿಳಿಯುವ ರಗಳೆ ಇಲ್ಲ.

ಇನ್ನೊಂದು ವಿಷಯ. ಈ ನಾಲ್ಕೂ ಒಂದೇ ಥರದ ರೈಲಲ್ಲ. ರೆಡ್, ಆರೆಂಜ್, ಬ್ಲೂ ಮೂರು ನಮ್ಮ ಬೆಂಗಳೂರಿನ ಮೆಟ್ರೋ ಥರದವು: ತಮ್ಮದೇ ಹಳಿ, ಅಡ್ಡ ಬರುವವರು ಯಾರೂ ಇಲ್ಲ. ಗ್ರೀನ್ ಲೈನ್ ಲೈಟ್ ರೈಲು, ಅಂದರೆ ಟ್ರಾಮಿನ ವಂಶದ್ದು. ಪೇಟೆಯೊಳಗೆ ನೆಲದಡಿ ಓಡುತ್ತದೆ. ಹೊರಗೆ ಬಂತೆಂದರೆ ಬಿ, ಸಿ, ಡಿ, ಇ ಅಂತ ನಾಲ್ಕು ಶಾಖೆ. ಬಿ ಮತ್ತು ನಮ್ಮನೆ ಎದುರಿನ ಸಿ ರಸ್ತೆ ಮಧ್ಯದಲ್ಲಿ, ಕಾರುಗಳ ಪಕ್ಕದಲ್ಲೇ ಸಾಗುತ್ತವೆ. ಡಿ ಶಾಖೆ ಮಾತ್ರ ಹಳೇ ರೈಲು ದಾರಿಯಲ್ಲಿ ಹಾಕಿದ್ದು, 1959ರಲ್ಲಿ. ಅದು ಜೋರಾಗಿಯೇ ಓಡುತ್ತದೆ.

ಆಯಿ, ಅಂದರೆ ನನ್ನ ಅಮ್ಮ, ಇಲ್ಲಿಗೆ ಬಂದಾಗ ಮೊದಲ ದಿನವೇ ಸಿ ಶಾಖೆಯ ರೈಲು ಹತ್ತಿಸಿದೆ. ಮಂಡಿ ನೋವು, ಹಳೇ ಡಬ್ಬಿಗಳಿಗೆ ಎತ್ತರದ ಮೆಟ್ಟಿಲು. ಆದರೆ ಸಾಮಾನ್ಯವಾಗಿ ಎರಡು ಡಬ್ಬಿಯಲ್ಲಿ ಒಂದು ತಗ್ಗು ನೆಲದ್ದಿರುತ್ತದೆ, ಅದನ್ನು ಹುಡುಕಿ ಹತ್ತಿದರೆ ಮೆಟ್ಟಿಲಿನ ಕಷ್ಟ ಇಲ್ಲ. ಕಿಟಕಿ ಪಕ್ಕ ಕೂತು, ಎರಡನೇ ಸಲ ಕೆಂಪು ದೀಪಕ್ಕೆ ನಿಂತಾಗ ಆಯಿ ಕೇಳಿದಳು: "ಇದೆಂತಾ ರೈಲೇ ಕೂಸೆ, ಬಸ್ಸಿನಂಗೆ ಸಿಗ್ನಲ್ಲಿಗೆ ನಿಂತ್ಕತ್ತು!" ಎದುರಿಗೆ ಕೂತಿದ್ದ ಅಜ್ಜಿಗೆ ಭಾಷೆ ತಿಳಿಯದಿದ್ದರೂ ನಕ್ಕರು. ಗ್ರೀನ್ ಲೈನನ್ನು ಬೈಯೋದು ಇಲ್ಲಿಯವರ ದಿನದ ಕೆಲಸ ಅಲ್ವಾ, ದನಿ ಕೇಳಿಯೇ ಗೊತ್ತಾಗಿರಬೇಕು.

ಪೇಟೆ ಹತ್ತಿರ ನೆಲದಡಿ ಇಳಿದ ಮೇಲೆ ಬಾಯ್ಲ್‌ಸ್ಟನ್ ನಿಲ್ದಾಣದ ಪಕ್ಕ ಒಂದು ತಿರುವು ಬರುತ್ತದೆ. ಅಲ್ಲಿ ಚಕ್ರ ಹಳಿಗೆ ಉಜ್ಜಿ ಕೀರಲು ಸದ್ದು. ಆಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಇದು 1897ರ ಸುರಂಗ, ಅಮೆರಿಕದ ಮೊದಲ ಸಬ್‌ವೇ. ಆಗ ಟ್ರೆಮಾಂಟ್ ಸ್ಟ್ರೀಟಿನಲ್ಲಿ ಟ್ರಾಮುಗಳು ಒಂದರ ಹಿಂದೊಂದು ನಿಂತು ರಸ್ತೆಯೇ ಕಟ್ಟಿಹೋಗುತ್ತಿತ್ತಂತೆ. ಟ್ರಾಮನ್ನೇ ನೆಲದಡಿ ಇಳಿಸಿಬಿಟ್ಟರು. ಸಣ್ಣ ಟ್ರಾಮಿಗೆ ಅಂತ ಮಾಡಿದ ತಿರುವಿನಲ್ಲಿ ಇವತ್ತಿನ ಉದ್ದದ ಡಬ್ಬಿ ನುಸುಳಬೇಕು, ಸದ್ದು ಬರದೆ ಇನ್ನೇನು?

ಸಿ ಶಾಖೆ ಓಡುವ ನಮ್ಮ ಬೀಕನ್ ಸ್ಟ್ರೀಟಿನ ಹಳಿ ಅದಕ್ಕಿಂತ ಹಳೇದು. ಹೆನ್ರಿ ವಿಟ್ನಿ ಎಂಬ ಉದ್ಯಮಿ ಇಲ್ಲಿ ಜಮೀನು ಕೊಂಡು, ರಸ್ತೆ ಅಗಲ ಮಾಡಿಸಿ, 1889ರಲ್ಲಿ ಕರೆಂಟಿನ ಟ್ರಾಮ್ ಓಡಿಸಿದ. ಮನೆಗಳು ಹಳಿಯ ಅಕ್ಕಪಕ್ಕ ಎದ್ದವು. ರಿಯಲ್ ಎಸ್ಟೇಟ್ ಆಗಲೂ ಹೀಗೇ ಇತ್ತು ನೋಡಿ. ಅದಕ್ಕೇ ನಿಲ್ದಾಣ ಮನೆ ಬಾಗಿಲಿಗೆ, ಓಟ ಮಾತ್ರ ನಿಧಾನ.

ಕಾರವಾರದ ಮಾವನಿಗೆ ಇದನ್ನು ಹೇಳಿದರೆ, "ನಮ್ದು ಉಲ್ಟಾ" ಅಂದರು. ನಿಜ. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ಗುಡ್ಡ ಕೊರೆದು, ಶರಾವತಿ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಹಾಕಿ ಜೋರಾಗಿ ಓಡುತ್ತದೆ. ಆದರೆ ಕಾರವಾರ ಸ್ಟೇಷನ್ ಇರೋದು ಪೇಟೆಯಿಂದ ದೂರ, ಶಿರವಾಡದಲ್ಲಿ. ಗೋಕರ್ಣ ರೋಡ್ ಅಂತ ಇಳಿದವರಿಗೆ ಗೋಕರ್ಣ ಇನ್ನೂ ದೂರ. ರಾತ್ರಿ ಇಳಿದರೆ ರಿಕ್ಷಾದವರು ಹೇಳಿದ್ದೇ ರೇಟು. ರೈಲು ಬೇಕು ಅಂತ ಶಿರಸಿಯಲ್ಲಿ ಕೇಳುವವರು ಸ್ಟೇಷನ್ ಎಲ್ಲಿ ಬೇಕು ಅನ್ನೋದನ್ನೂ ಈಗಲೇ ಕೇಳಿಡುವುದು ಒಳ್ಳೇದು. ಪೇಟೆಯಿಂದ ದೂರ ಕಟ್ಟಿದರೆ ಮತ್ತೆ ಬಸ್ಸೇ ಗತಿ.

ಆಯಿಗೆ ಮೆಚ್ಚುಗೆಯಾದದ್ದು ಮ್ಯಾಟಪಾನ್ ಟ್ರಾಲಿ. ರೆಡ್ ಲೈನಿನ ಆಶ್ಮಾಂಟ್ ತುದಿಯಿಂದ ಮುಂದಕ್ಕೆ 1940ರ ದಶಕದ ಡಬ್ಬಿಗಳೇ ಇನ್ನೂ ಓಡುತ್ತವೆ, ಒಂದು ಸ್ಮಶಾನದ ನಡುವೆಯೇ ಹಾದು. ಎರಡು ಸಲ ಹೋಗಿ ಬಂದಳು, ಸುಮ್ನೆ.

ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ಹಿರಿಯರಿಗೆ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ಸಿಲ್ವರ್ ಲೈನ್ ಅಂತ ಬೋರ್ಡು ಕಂಡರೆ ರೈಲು ಹುಡುಕಬೇಡಿ, ಅದು ಬಸ್ಸು. ಅಲ್ಲಿಂದ ಹತ್ತುವವರಿಗೆ ಟಿಕೆಟ್ ಬೇಡ. ಸೌತ್ ಸ್ಟೇಷನ್ನಿನಲ್ಲಿ ಇಳಿದರೆ ರೆಡ್ ಲೈನಿಗೂ ಬೇರೆ ದುಡ್ಡು ಕೊಡಬೇಕಾಗಿಲ್ಲ. ಗ್ರೀನ್ ಲೈನ್ ಬೇಕಾದವರು ಪಾರ್ಕ್ ಸ್ಟ್ರೀಟಿನಲ್ಲಿ ಇಳಿದು ಮೆಟ್ಟಿಲು ಹತ್ತಿ, ಡಬ್ಬಿಯ ಮುಂದಿನ ಅಕ್ಷರ ನೋಡಿ: ಬಿ, ಸಿ, ಡಿ, ಇ. ಅಕ್ಷರ ತಪ್ಪಿದರೆ ಬೇರೆ ಬಡಾವಣೆ.