ಬಾಕಿ ಸಂಬಳದ ದೆವ್ವ

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದು ಮೂರು ದಿನವಾದರೂ ನನ್ನ ನಿದ್ದೆ ಇನ್ನೂ ಊರಿನ ಗಡಿಯಾರವನ್ನೇ ನಂಬಿಕೊಂಡಿತ್ತು. ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟರೆ ಮುಗಿಯಿತು, ಮತ್ತೆ ಮುಚ್ಚುವ ಮಾತಿಲ್ಲ. ಮಗಳನ್ನು ಎಬ್ಬಿಸುವುದು ಬೇಡ ಅಂತ ಅವಳ ಶೆಲ್ಫಿನಿಂದ ಒಂದು ಪುಸ್ತಕ ಎಳೆದುಕೊಂಡೆ. ದೆವ್ವವಿರುವ ಪತ್ತೇದಾರಿ ಕಾದಂಬರಿ. ಕತೆ ನಡೆಯುವುದು ಇದೇ ಊರಿನಲ್ಲಿ. ಅದರ ಹೆಸರು ಹೇಳುವುದಿಲ್ಲ, ಯಾಕೆಂದರೆ ಕೊನೆಯನ್ನು ಬಿಟ್ಟುಕೊಡದೆ ಕತೆ ಹೇಳುವುದು ನನಗೆ ಬರುವುದಿಲ್ಲ.

ಎರಡು ರಾತ್ರಿಗೆ ಪುಸ್ತಕ ಮುಗಿಯಿತು. 1645ರಲ್ಲಿ ಪ್ಲೇಗ್ ಬಂದಾಗ ಒಂದು ಓಣಿಯ ಎರಡೂ ಬದಿಗೆ ಗೋಡೆ ಕಟ್ಟಿ, ಒಳಗಿದ್ದವರನ್ನು ಹಾಗೇ ಸಾಯಲು ಬಿಟ್ಟರಂತೆ. ಅಲ್ಲಿ ಸತ್ತ ಹುಡುಗಿಯೇ ದೆವ್ವ. ಓದಿ ಅತ್ತೂಬಿಟ್ಟೆ. ಬೆಳಿಗ್ಗೆ ಮಗಳು ಕಾಲೇಜಿಗೆ ಹೊರಡುವಾಗ, "ಆ ಓಣಿ ನಿಜವಾಗ್ಲೂ ಇದೆಯೇನೇ?" ಅಂತ ಕೇಳಿದೆ.

"ಇದೆಯಮ್ಮಾ, ಮೇರಿ ಕಿಂಗ್ಸ್ ಕ್ಲೋಸ್ ಅಂತ. ಟಿಕೆಟ್ ಮಾಡಿಕೊಡ್ತೀನಿ, ಹೋಗಿ ಬಾ. ಆದ್ರೆ ರಾತ್ರಿ ಲೈಟ್ ಹಾಕ್ಕೊಂಡು ಮಲಗ್ತೀನಿ ಅನ್ಬೇಡ."

ಟಿಕೆಟ್ ಸಿಕ್ಕಿದ್ದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಗ್ರೇಫ್ರಯರ್ಸ್ ಸ್ಮಶಾನ ನೋಡೋಣ ಅಂತ ಹೋದೆ. ಕಾದಂಬರಿಯಲ್ಲಿ ಅದೂ ಬರುತ್ತದೆ. ಕೆಲವು ಸಮಾಧಿಗಳ ಮೇಲೆ ದಪ್ಪ ಕಬ್ಬಿಣದ ಪಂಜರ. ಒಳಗಿರುವವರು ಎದ್ದು ಬರಬಾರದು ಅಂತಲ್ಲ, ಹೊರಗಿನವರು ಹೆಣ ಕದಿಯಬಾರದು ಅಂತ. ಆಗ ಅಂಗರಚನೆ ಕಲಿಸುವ ಡಾಕ್ಟರುಗಳು ಹೆಣಕ್ಕೆ ಒಳ್ಳೆಯ ದುಡ್ಡು ಕೊಡುತ್ತಿದ್ದರು. ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರಂತೂ ಅಗೆಯುವ ಕಷ್ಟವೇ ಬೇಡ ಅಂತ 16 ಜನರನ್ನು ಕೊಂದು ಮಾರಿದರು. 1829ರಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಿ, ಅವನ ಹೆಣವನ್ನೂ ಎಲ್ಲರೆದುರು ಕೊಯ್ದರು. ಅವನ ಅಸ್ಥಿಪಂಜರ ಇವತ್ತಿಗೂ ಇಲ್ಲಿನ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿದೆ.

ಇದನ್ನೆಲ್ಲ ಯೋಚಿಸುತ್ತ ಒಂದು ಪಂಜರದ ಸರಳು ಹಿಡಿದು ಒಳಗೆ ಬಗ್ಗಿ ನೋಡುತ್ತಿದ್ದೆ. ಢಂ! ಎದೆ ಬಾಯಿಗೆ ಬಂತು. ಕೊಡೆ ಎಲ್ಲೋ, ನಾನೆಲ್ಲೋ. ಪಕ್ಕದಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಅಜ್ಜ ಕೊಡೆ ಎತ್ತಿ ಕೊಟ್ಟು, ಕೈಗಡಿಯಾರ ತೋರಿಸಿ ನಕ್ಕ. ಕೋಟೆಯ ಮೇಲೆ ಭಾನುವಾರ ಬಿಟ್ಟು ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಒಂದಕ್ಕೆ ತೋಪು ಹಾರಿಸುತ್ತಾರೆ, 1861ರಿಂದಲೂ. ನಾಯಿ ಕಿವಿಯನ್ನೂ ಅಲ್ಲಾಡಿಸಿರಲಿಲ್ಲ.

ಓಣಿಗೆ ಇಳಿದಾಗ ಮೊದಲು ತಟ್ಟಿದ್ದು ತಣ್ಣನೆಯ ಗಾಳಿ ಮತ್ತು ಹಳೇ ಮಣ್ಣಿನ ವಾಸನೆ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರುಬದುರು ಮನೆಯವರು ಕಿಟಕಿಯಲ್ಲೇ ಉಪ್ಪು ಸಾಲ ಕೇಳಬಹುದಿತ್ತು. ಮೇರಿ ಕಿಂಗ್ ಅಂದರೆ ರಾಣಿಯಲ್ಲ, ಇಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ವಿಧವೆ. ಗಂಡ ಸತ್ತ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಬಂದು ಬದುಕಿದವಳ ಹೆಸರು ಓಣಿಗೆ ನಿಂತಿದೆ. ಇದು ನನಗೆ ತುಂಬಾ ಹಿಡಿಸಿತು.

ಗೈಡ್ ಹುಡುಗಿ ನನ್ನ ಕಣ್ಣೀರಿಗೆ ತಣ್ಣೀರು ಎರಚಿದಳು. ಗೋಡೆ ಕಟ್ಟಿ ಸಾಯಿಸಿದ್ದು ಶುದ್ಧ ಕಟ್ಟುಕತೆಯಂತೆ! ರೋಗ ಬಂದ ಮನೆಗಳಿಗೆ ಊರಿನವರೇ ರೊಟ್ಟಿ, ಕಲ್ಲಿದ್ದಲು ತಲುಪಿಸುತ್ತಿದ್ದರು. ಓಣಿ ನೆಲದಡಿಗೆ ಹೋಗಿದ್ದು ನೂರು ವರ್ಷ ಕಳೆದ ಮೇಲೆ. 1753ರಲ್ಲಿ ವ್ಯಾಪಾರಿಗಳಿಗಾಗಿ ದೊಡ್ಡ ಕಟ್ಟಡ ಕಟ್ಟಲು ಹೊರಟಾಗ, ಇಲ್ಲಿನ ಮನೆಗಳ ಮೇಲಿನ ಅಂತಸ್ತು ಕೆಡವಿ, ಕೆಳಗಿನದನ್ನೇ ಅದಕ್ಕೆ ಪಾಯ ಮಾಡಿಕೊಂಡರು.

ಪುಟ್ಟ ಕೋಣೆಯೊಂದರಲ್ಲಿ ಗೊಂಬೆಗಳ ರಾಶಿ. 1992ರಲ್ಲಿ ಜಪಾನಿನಿಂದ ಬಂದ ಅತೀಂದ್ರಿಯ ಶಕ್ತಿಯ ಮಹಿಳೆಯೊಬ್ಬರು ಇಲ್ಲೊಂದು ಮಗು ಗೊಂಬೆಗಾಗಿ ಅಳುತ್ತಿದೆ ಅಂದರಂತೆ. ಅಂದಿನಿಂದ ಜನ ಗೊಂಬೆ ತಂದಿಡುತ್ತಾರೆ. ನನಗೆ ಮಗುವಿನ ಅಳು ಕೇಳಿಸಲಿಲ್ಲ. ಸುಮ್ನೆ ಸುಳ್ಳು ಯಾಕೆ ಹೇಳಲಿ?

ಮನಸ್ಸು ನಿಂತಿದ್ದು ಮುಂದಿನ ಕೋಣೆಯಲ್ಲಿ, ಪ್ಲೇಗ್ ಡಾಕ್ಟರ್ ಜಾರ್ಜ್ ರೇ ಹತ್ತಿರ. ಅವನಿಗಿಂತ ಮೊದಲಿದ್ದ ಡಾಕ್ಟರ್ ಪ್ಲೇಗಿಗೇ ಬಲಿಯಾಗಿದ್ದ. ರೇ ಹಕ್ಕಿಯ ಕೊಕ್ಕಿನಂಥ ಮುಖವಾಡ ಹಾಕಿ, ಕೊಕ್ಕಿನೊಳಗೆ ಘಮಘಮಿಸುವ ಸೊಪ್ಪು ತುಂಬಿಕೊಂಡು ಮನೆಮನೆಗೆ ಹೋಗುತ್ತಿದ್ದ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅನ್ನುವುದು ಆಗಿನ ನಂಬಿಕೆ. ಆದರೆ ಅವನನ್ನು ಕಾಪಾಡಿದ್ದು ಸೊಪ್ಪಲ್ಲ, ಮೈತುಂಬಾ ಹೊದ್ದ ದಪ್ಪ ಚರ್ಮದ ನಿಲುವಂಗಿ ಇರಬೇಕು. ಪ್ಲೇಗ್ ಹರಡುವ ಚಿಗಟ ಅದನ್ನು ದಾಟಿ ಕಚ್ಚುವುದು ಕಷ್ಟ. ಗಡ್ಡೆ ಕೊಯ್ದು, ಕಾದ ಕಬ್ಬಿಣದಿಂದ ಸುಡುವುದು ಅವನ ಚಿಕಿತ್ಸೆ.

ಊರಿನ ಆಡಳಿತ ಅವನಿಗೆ ಭಾರೀ ಸಂಬಳ ಒಪ್ಪಿಕೊಂಡಿತ್ತು. ಹೇಗೂ ಸಾಯುತ್ತಾನೆ, ಕೊಡುವ ಪ್ರಮೇಯ ಬರುವುದಿಲ್ಲ ಅನ್ನುವ ಲೆಕ್ಕ. ಆಸಾಮಿ ಸಾಯಲಿಲ್ಲ! ಬಾಕಿಗಾಗಿ ವರ್ಷಗಟ್ಟಲೆ ಅಲೆದನಂತೆ. ಗೈಡ್ ಇದನ್ನು ತಮಾಷೆಯಾಗಿ ಹೇಳಿದಳು, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ರಿಟೈರ್ ಆದಮೇಲೆ ನನ್ನ ಅರಿಯರ್ಸ್‌ಗೆ ಎರಡು ವರ್ಷ ಅಲೆದಿದ್ದೇನೆ. "ಫೈಲ್ ಮೇಲೆ ಹೋಗಿದೆ ಮೇಡಂ" ಅನ್ನುವ ಮಾತು ಕೇಳಿಸಿಕೊಂಡವರಿಗೇ ಗೊತ್ತು.

ಮೆಟ್ಟಿಲು ಹತ್ತಿ ಹೊರಬಂದು ಕಟ್ಟಡದ ಹೆಸರು ಓದಿದೆ. ಸಿಟಿ ಚೇಂಬರ್ಸ್. ವ್ಯಾಪಾರಿಗಳಿಗೆ ಕಟ್ಟಿದ್ದರಲ್ಲ, ಅಲ್ಲಿ ಈಗ ನಗರಸಭೆಯೇ ಕೂತಿದೆ. ಸಾಲಗಾರ ಮೇಲೆ, ಓಣಿ ಕೆಳಗೆ. ಆ ಕಾದಂಬರಿಕಾರನಿಗೆ ಇಷ್ಟು ಒಳ್ಳೇ ದೆವ್ವ ಕಾಲಡಿಯಲ್ಲೇ ಇದ್ದರೂ ಕಾಣಲಿಲ್ಲವಲ್ಲ! ಇಲ್ಲದ ಗೋಡೆ ಕಟ್ಟಿ, ಸುಮ್ನೆ ಒಂದು ಹುಡುಗಿಯನ್ನು ಸಾಯಿಸಿದ.

ಸಂಜೆ ಮಗಳು ಬಾಗಿಲಲ್ಲೇ ಕೇಳಿದಳು, "ಏನಮ್ಮಾ, ದೆವ್ವ ಸಿಕ್ತಾ?"

"ಸಿಕ್ತು ಕಣೇ. ಪಾಪ, ಇನ್ನೂ ಸಂಬಳ ಬಂದಿಲ್ವಂತೆ."