ಲಸಿಕೆ ಆದ ಮೇಲೆ ಎದೆನೋವು ಬಂದರೆ ತಾರೀಖು ಹೇಳಿ

ಹದಿಹರೆಯದ ಹುಡುಗ ಎದೆನೋವು ಅಂದರೆ ಯಾರಿಗೂ ಹೃದಯದ ಯೋಚನೆ ಬರುವುದಿಲ್ಲ. ಗ್ಯಾಸ್ ಇರಬೇಕು, ಆಟದಲ್ಲಿ ಎಲ್ಲೋ ಹಿಡಿದಿರಬೇಕು ಅನ್ನುತ್ತಾರೆ. ನನ್ನ ತಮ್ಮನಿಗೂ ಸಿಕ್ಕ ಮೊದಲ ಮಾತು ಅದೇ. ಎಂಆರ್‌ಎನ್‌ಎ ಮಾದರಿಯ (ಫೈಜರ್, ಮಾಡೆರ್ನಾ ಥರದ) ಕೋವಿಡ್ ಲಸಿಕೆಯ ಎರಡನೇ ಡೋಸ್ ಆಗಿ ಕೆಲವೇ ದಿನವಾಗಿತ್ತು. ಅಂಗಾತ ಮಲಗಿದರೆ ನೋವು ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಹಗುರ.

ಎಮರ್ಜೆನ್ಸಿಯ ಡಾಕ್ಟರ್ "ಇತ್ತೀಚೆಗೆ ಜ್ವರ, ಲಸಿಕೆ ಏನಾದರೂ ಆಗಿದೆಯಾ?" ಅಂತ ಕೇಳಿದರು. ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ. ಇಸಿಜಿ ಮಾಡಿ, ರಕ್ತದಲ್ಲಿ ಟ್ರೋಪೋನಿನ್ ನೋಡಿದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದು ರಕ್ತದಲ್ಲಿ ಏರುತ್ತದೆ. ಏರಿತ್ತು. ಎಂಆರ್‌ಐ ಆದ ಮೇಲೆ ಖಚಿತವಾಯಿತು: ಮಯೋಕಾರ್ಡೈಟಿಸ್, ಹೃದಯದ ಸ್ನಾಯುವಿನ ಉರಿಯೂತ.

ಇದು ಅಪರೂಪ, ನಿಜ. 2021ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಟ್ಟ ಲೆಕ್ಕದಲ್ಲಿ, 12ರಿಂದ 29 ವರ್ಷದ ಗಂಡುಮಕ್ಕಳಿಗೆ ಕೊಟ್ಟ ಹತ್ತು ಲಕ್ಷ ಎರಡನೇ ಡೋಸ್‌ಗೆ ಸುಮಾರು 40 ಪ್ರಕರಣ. ಅದೇ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 4. ಕೋವಿಡ್‌ನಿಂದಲೂ ಇದು ಬರುತ್ತದೆ, ಒಟ್ಟಾರೆ ನೋಡಿದರೆ ಲಸಿಕೆಗಿಂತ ಜಾಸ್ತಿ. ಆದರೂ "ಅಪರೂಪ ಬಿಡಿ" ಅಂತ ಮಾತು ಮುಗಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ತಮ್ಮನನ್ನು ತೋರಿಸಿ ಲಸಿಕೆಯೇ ಬೇಡ ಅನ್ನುವವರನ್ನು ಕಂಡರೂ ಅಷ್ಟೇ.

ಆಸ್ಪತ್ರೆಯಿಂದ ಬೇಗ ಬಿಟ್ಟರು. ಮಾತ್ರೆಯಲ್ಲೇ ನೋವು ಇಳಿಯಿತು. ಕಷ್ಟ ಶುರುವಾದದ್ದು ಆಮೇಲೆ. ಮೂರರಿಂದ ಆರು ತಿಂಗಳು ಓಟ, ಫುಟ್‌ಬಾಲ್, ಜಿಮ್ ಏನೂ ಬೇಡ ಅಂದಿದ್ದರು. ಉರಿಯೂತ ಪೂರ್ತಿ ಇಳಿಯದ ಹೃದಯಕ್ಕೆ ಜೋರು ಕೆಲಸ ಕೊಟ್ಟರೆ ಬಡಿತದ ಲಯ ತಪ್ಪಬಹುದು, ಜೀವಕ್ಕೇ ಅಪಾಯ. ನೋವೇ ಇಲ್ಲದ ಹುಡುಗನಿಗೆ ಇದನ್ನು ಹೇಗೆ ಒಪ್ಪಿಸುವುದು? ಬೂಟು ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. "ಅಕ್ಕಾ, ಸುಮ್ನೆ ಗೋಲಲ್ಲಿ ನಿಂತ್ಕೋತೀನಿ" ಅನ್ನುತ್ತಿದ್ದ. ನಾನೂ ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ನಿಧಾನವಾಗಿ ನಡೆಯಲು ಹೊರಡುತ್ತಿದ್ದೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಹೋಲ್ಟರ್ (ದಿನವಿಡೀ ಹೃದಯಬಡಿತ ದಾಖಲಿಸುವ ಪರೀಕ್ಷೆ) ಎಲ್ಲ ಸರಿ ಬಂದ ಮೇಲೆಯೇ ಮೈದಾನಕ್ಕೆ ಬಿಟ್ಟದ್ದು.

ಅಡ್ಡಪರಿಣಾಮದ ವರದಿಯನ್ನು, ಲಸಿಕೆಗಳ ಸುರಕ್ಷತೆ ಗಮನಿಸುವವರಿಗೆ, ಡಾಕ್ಟರೇ ಕಳಿಸಿದರು. 2021ರಲ್ಲಿ ಇಸ್ರೇಲ್, ಅಮೆರಿಕದಲ್ಲಿ ಈ ತೊಂದರೆ ಬೆಳಕಿಗೆ ಬಂದದ್ದು ಇಂಥ ವರದಿಗಳಿಂದ. ಎರಡು ಡೋಸ್‌ಗಳ ನಡುವೆ ಅಂತರ ಹೆಚ್ಚಿಸಿದರೆ ಅಪಾಯ ಕಡಿಮೆ ಅಂತಲೂ ಆಮೇಲೆ ಗೊತ್ತಾಯಿತು. ಹಾಗಾಗಿ ಲಸಿಕೆಯಾದ ವಾರದೊಳಗೆ ಎದೆನೋವು, ಏದುಸಿರು, ಎದೆ ಢವಢವ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅವರು ಕೇಳದಿದ್ದರೂ ಲಸಿಕೆ ಯಾವುದು, ಎಷ್ಟನೇ ಡೋಸ್, ಯಾವ ತಾರೀಖು ಅಂತ ನೀವೇ ಹೇಳಿ. ವರದಿ ಹೋಯಿತಾ ಅಂತಲೂ ಕೇಳಿ.