ಭಾವನ ಹದಿನೈದು, ನನ್ನ ಹದಿನಾಲ್ಕು

ನಮ್ಮ ಭಾವ ಇರುವುದು ಆಕ್ಲೆಂಡಿನಲ್ಲಿ. ಅಲ್ಲಿಗೆ ಹೋಗುವ ತನಕ ಅವರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಈಗ ನ್ಯೂಜಿಲೆಂಡಿನ ರಗ್ಬಿ ತಂಡ ಆಲ್ ಬ್ಲಾಕ್ಸ್ ಸೋತರೆ ಎರಡು ದಿನ ಸರಿಯಾಗಿ ಊಟ ಮಾಡಲ್ಲ ಅಂತ ಅಕ್ಕ ಹೇಳುತ್ತಾಳೆ. ನನಗೆ ರಗ್ಬಿ ಹುಚ್ಚು ಹಿಡಿಸಿದವರೂ ಅವರೇ. ಆದರೆ ಹುಚ್ಚು ಹಿಡಿದ ಮೇಲೆ ನಾನು ಹೋಗಿ ನಿಂತದ್ದು ದಕ್ಷಿಣ ಆಫ್ರಿಕಾ ಕಡೆ. ಅದನ್ನು ಅವರು ಇನ್ನೂ ಕ್ಷಮಿಸಿಲ್ಲ.

ಹಾಗಿದ್ದ ಮೇಲೆ 2023ರ ರಗ್ಬಿ ವಿಶ್ವಕಪ್‌ನ ನ್ಯೂಜಿಲೆಂಡ್–ದಕ್ಷಿಣ ಆಫ್ರಿಕಾ ಫೈನಲ್ ನಮ್ಮ ಮನೆಯಲ್ಲಿ ಹೇಗಿತ್ತು ಅಂತ ನೀವೇ ಊಹಿಸಿಕೊಳ್ಳಿ. ಅಕ್ಟೋಬರ್ 28, ಪ್ಯಾರಿಸ್‌ನಲ್ಲಿ ರಾತ್ರಿ ಒಂಬತ್ತು, ಇಲ್ಲಿ ಬೆಂಗಳೂರಿನಲ್ಲಿ ಹನ್ನೆರಡೂವರೆ, ಅಲ್ಲಿ ಭಾವನಿಗೆ ಭಾನುವಾರ ಬೆಳಿಗ್ಗೆ ಎಂಟು. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ ಮೊದಲರ್ಧದಲ್ಲೇ ರೆಡ್ ಕಾರ್ಡ್. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಹಾಗೆ ಹೊರಗೆ ಹೋದ ಮೊದಲ ಆಟಗಾರ ಅವನು. ಅಲ್ಲಿಂದ ಕೊನೆಯವರೆಗೂ ಅವರು ಒಬ್ಬ ಕಡಿಮೆ ಇಟ್ಟುಕೊಂಡೇ ಆಡಿದರು. ಆದರೂ ಬರೀ ಒಂದು ಪಾಯಿಂಟ್‌ನಲ್ಲಿ ಸೋತರು, 12–11. ನಾನು ಬಾಗಿಲು ಮುಚ್ಚಿಕೊಂಡು ಸದ್ದಿಲ್ಲದೆ ಕುಣಿದೆ, ಯಾಕಂದ್ರೆ ಪಕ್ಕದ ರೂಮಿನಲ್ಲಿ ಅಮ್ಮ ಮಲಗಿದ್ದಳು. ಭಾವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಂಗಳವಾರದವರೆಗೂ ಎತ್ತಲಿಲ್ಲ.

ಆ ವರ್ಷ ಮುಗಿಯುತ್ತಾ ಬಂದಾಗ ಕೋಪ ಸ್ವಲ್ಪ ಇಳಿದಿತ್ತು, ಹಾಗಾಗಿ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬಂತು. ವರ್ಷದ ಅತ್ಯುತ್ತಮ ಹದಿನೈದು, ಒಂದನೇ ನಂಬರಿನಿಂದ ಹದಿನೈದನೇ ನಂಬರಿನವರೆಗೆ. ನೋಡಿದರೆ ವರ್ಲ್ಡ್ ರಗ್ಬಿಯವರು ಫೈನಲ್ ಮುಗಿದ ಮರುದಿನ ಪ್ರಕಟಿಸಿದ ಡ್ರೀಮ್ ಟೀಮನ್ನೇ ಭಾವ ಎತ್ತಿ ಹಾಕಿದ್ದಾರೆ! ಆ ಪಟ್ಟಿಯಲ್ಲಿ ಐರ್ಲೆಂಡಿನವರು ಐದು ಜನ, ಫ್ರಾನ್ಸಿನವರು ಐದು, ನ್ಯೂಜಿಲೆಂಡಿನವರು ನಾಲ್ಕು. ಕಪ್ ಗೆದ್ದ ದಕ್ಷಿಣ ಆಫ್ರಿಕಾದಿಂದ ಒಬ್ಬನೇ ಒಬ್ಬ, ಎಬೆನ್ ಎಟ್ಸೆಬೆತ್. ಐರ್ಲೆಂಡ್ ಮತ್ತು ಫ್ರಾನ್ಸ್ ಎರಡೂ ಕ್ವಾರ್ಟರ್ ಫೈನಲ್‌ನಲ್ಲೇ ಮನೆಗೆ ಹೋದ ತಂಡಗಳು ಅನ್ನುವುದನ್ನು ನೆನಪಿನಲ್ಲಿಡಿ.

"ಇದು ವರ್ಷದ ಟೀಮ್ ಕಣೋ, ವಿಶ್ವಕಪ್ ಟೀಮ್ ಅಲ್ಲ" ಅಂದರು ಭಾವ. ಸರಿ, ಆ ಮಾತಿನಲ್ಲಿ ಹುರುಳಿದೆ. ಐರ್ಲೆಂಡ್ ಆ ವರ್ಷ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ ಒಂದೂ ಪಂದ್ಯ ಸೋಲದೆ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದಿತ್ತು. ವಿಶ್ವಕಪ್ ಗುಂಪಿನಲ್ಲಿ ನಮ್ಮವರನ್ನೂ 13–8ರಲ್ಲಿ ಸೋಲಿಸಿತ್ತು. ಆದರೆ ನನ್ನ ತಕರಾರು ದೇಶದ ಲೆಕ್ಕ ಅಲ್ಲ. ಚೆಂಡು ಹಿಡಿದು ಓಡುವವನು ಎಲ್ಲರಿಗೂ ಕಾಣುತ್ತಾನೆ, ಅವನು ಓಡಲಿಕ್ಕೆ ಜಾಗ ಮಾಡಿಕೊಟ್ಟವನು ಕಾಣಲ್ಲ. ನಮ್ಮ ಕಡೆ ಕಬಡ್ಡಿಯಲ್ಲೂ ಇದೇ ಕಥೆ ಅಲ್ವಾ? ರೈಡರ್‌ಗೆ ಶಿಳ್ಳೆ, ಹಾರ, ಬಹುಮಾನ. ಮೂಲೆಯಲ್ಲಿ ನಿಂತು ಕಾಲು ಹಿಡಿದು ಎಳೆದವನು ಮೊಣಕೈ ಒರೆಸಿಕೊಂಡು ಮನೆಗೆ ಹೋಗುತ್ತಾನೆ.

ಅದಕ್ಕೇ ನಾನು ಮೊದಲು ಜಗಳ ತೆಗೆದದ್ದು ಒಂದು ಮತ್ತು ಮೂರನೇ ನಂಬರಿನ ಮೇಲೆ. ಇವರು ಪ್ರಾಪ್‌ಗಳು, ಸ್ಕ್ರಮ್ಮಿನ ಮುಂದಿನ ಸಾಲಿನ ಎರಡು ತುದಿಯವರು. ರಗ್ಬಿ ನೋಡದವರಿಗೆ ಒಂದು ಮಾತು: ಸ್ಕ್ರಮ್ ಅಂದರೆ ಎಂಟೆಂಟು ಜನ ಬಗ್ಗಿ, ಒಬ್ಬರಿಗೊಬ್ಬರು ತೋಳು ಹಾಕಿ, ಎದುರಾಳಿ ಎಂಟು ಜನರ ಭುಜಕ್ಕೆ ಭುಜ ಕೊಟ್ಟು ತಳ್ಳುವುದು. ಒಂದನೇ ನಂಬರಿನವನ ತಲೆಯ ಒಂದು ಪಕ್ಕ ಖಾಲಿ ಇರುತ್ತದೆ. ಮೂರನೇ ನಂಬರಿನವನ ತಲೆ ಎದುರಾಳಿಗಳಿಬ್ಬರ ನಡುವೆ ಸಿಕ್ಕಿಕೊಂಡಿರುತ್ತದೆ, ಎರಡೂ ಕಡೆಯಿಂದ ಒತ್ತಡ, ಹಿಂದಿನಿಂದ ತನ್ನವರದೇ ತಳ್ಳಾಟ. ಅಲ್ಲಿ ಅವನು ಅಲುಗಾಡದೆ ನಿಂತರೆ ಅದೇ ಸಾಧನೆ. ಟಿವಿಯಲ್ಲಿ ಮಾತ್ರ ಬರೀ ಬೆನ್ನು ಕಾಣುತ್ತದೆ.

ಭಾವನ ಪಟ್ಟಿಯಲ್ಲಿ ಒಂದನೇ ನಂಬರ್ ಫ್ರಾನ್ಸಿನ ಸಿರಿಲ್ ಬಾಯ್. ಒಳ್ಳೆಯ ಆಟಗಾರನೇ, ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮವರ ಮೇಲೆ ಎರಡು ಟ್ರೈ ಹಾಕಿದ (ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದೇ ಟ್ರೈ). ನನ್ನ ಆಯ್ಕೆ ನಮ್ಮ ಆಕ್ಸ್ ಎನ್‌ಚೆ. "ಅವನು ಬೆಂಚಿನವನು ಕಣೋ!" ಅಂತ ಭಾವ ಕಿರುಚಿದರು. ಹೌದು, ದೊಡ್ಡ ಪಂದ್ಯಗಳಲ್ಲಿ ಅವನು ದ್ವಿತೀಯಾರ್ಧದಲ್ಲೇ ಬಂದದ್ದು. ಬೆಂಚಿನಿಂದ ಎದ್ದು ಬರುವ ಆ ದಾಂಡಿಗರ ಪಡೆಗೆ ಬಾಂಬ್ ಸ್ಕ್ವಾಡ್ ಅಂತಲೇ ಹೆಸರು. ಫೈನಲ್‌ನಲ್ಲಂತೂ ಬೆಂಚಿನ ಎಂಟು ಜನರಲ್ಲಿ ಏಳು ಜನ ಫಾರ್ವರ್ಡ್‌ಗಳು, ಅಂದರೆ ಸ್ಕ್ರಮ್ ತಳ್ಳುವವರು. ಅಲ್ಲಿ ಬೆಂಚು ಅಂದರೆ ಕಡಿಮೆ ಅಂತ ಅರ್ಥ ಅಲ್ಲ, ಅದೂ ಒಂದು ಕೆಲಸ.

ಸೆಮಿಫೈನಲ್ ನೆನಪಿಸಿಕೊಳ್ಳಿ ಅಂದೆ. ಮಳೆ. ಇಂಗ್ಲೆಂಡ್ 15–6ರಲ್ಲಿ ಮುಂದಿದೆ. ನನಗೆ ನಿದ್ದೆ ಬರುತ್ತಿತ್ತು, ಸೋತೆವು ಅಂತ ಲ್ಯಾಪ್‌ಟಾಪ್ ಮುಚ್ಚಲಿಕ್ಕೂ ಕೈ ಹಾಕಿದ್ದೆ. ಎನ್‌ಚೆ ಬಂದ ಮೇಲೆ ಸ್ಕ್ರಮ್ಮಿನ ಲೆಕ್ಕವೇ ಬದಲಾಯಿತು. ಅವನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತಾನೆ, ಎದುರಿನವನ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಕಾಲು ಹಿಂದಕ್ಕೆ ಜಾರುತ್ತದೆ, ರೆಫ್ರಿ ಕೈ ಮೇಲೆ. ಇಷ್ಟೇ. 69ನೇ ನಿಮಿಷದಲ್ಲಿ ಆರ್‌ಜಿ ಸ್ನೈಮನ್ ಟ್ರೈ ಹಾಕಿದ, ಅಂತರ ಎರಡಕ್ಕೆ ಇಳಿಯಿತು. ಆಮೇಲೆ ಇನ್ನೊಂದು ಸ್ಕ್ರಮ್, ಇನ್ನೊಂದು ಪೆನಾಲ್ಟಿ. ಅದನ್ನು ಒದ್ದು ಮೂರು ಪಾಯಿಂಟ್ ಮಾಡಿದವನ ಹೆಸರು ಎಲ್ಲರಿಗೂ ಗೊತ್ತು, ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಪೆನಾಲ್ಟಿ ಸಂಪಾದಿಸಿ ಕೊಟ್ಟವನು ಎನ್‌ಚೆ. ಸಲಾಡ್ ತಿಂದರೆ ಸ್ಕ್ರಮ್ ಗೆಲ್ಲಲಾಗಲ್ಲ ಅಂತ ಹೇಳಿಕೊಂಡು ಓಡಾಡುವ ಮನುಷ್ಯ ಬೇರೆ. ನನಗೆ ಅದಕ್ಕೇ ಇನ್ನೂ ಇಷ್ಟ.

ಈ ಸ್ಕ್ರಮ್ಮಿನ ಕಥೆ ಕೇಳಿ ಭಾವ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಸರಿ, ಎನ್‌ಚೆ ಇಟ್ಕೋ" ಅಂದರು. ಮೂರನೇ ನಂಬರಿಗೆ ಅವರದ್ದು ಐರ್ಲೆಂಡಿನ ಟೈಗ್ ಫರ್ಲಾಂಗ್, ನನ್ನದು ನಮ್ಮ ಮಲ್ಹರ್ಬ. ಫರ್ಲಾಂಗ್ ಪಾಸ್ ಕೊಡುತ್ತಾನೆ, ಓಡುತ್ತಾನೆ, ಎಲ್ಲಾ ಮಾಡುತ್ತಾನೆ. ಮಲ್ಹರ್ಬ ಏನೂ ಮಾಡಲ್ಲ, ಬಂಡೆಯ ಹಾಗೆ ನಿಂತಿರುತ್ತಾನೆ. ಮೂರನೇ ನಂಬರಿನವನಿಂದ ನನಗೆ ಬೇಕಾದ್ದು ಅದೇ. ಎರಡನೇ ನಂಬರ್ ಹುಕರ್, ಅಂದರೆ ಎರಡು ಪ್ರಾಪ್‌ಗಳ ನಡುವಿನವನು; ಐರ್ಲೆಂಡಿನ ಡಾನ್ ಶೀಹನ್, ಇದರಲ್ಲಿ ಜಗಳವೇ ಇಲ್ಲ. ಗ್ರ್ಯಾಂಡ್ ಸ್ಲ್ಯಾಮ್ ಮುಗಿಸಿದ ಪಂದ್ಯದಲ್ಲಿ ಇಂಗ್ಲೆಂಡ್ ಮೇಲೆ ಎರಡು ಟ್ರೈ ಹಾಕಿದವನು. ನಮ್ಮ ಡಿಯಾನ್ ಫೂರಿ ಬಗ್ಗೆ ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಆಗ ಮೂವತ್ತೇಳು ವರ್ಷ, ಫ್ಲ್ಯಾಂಕರ್, ಅಂದರೆ ಸ್ಕ್ರಮ್ಮಿನ ಪಕ್ಕಕ್ಕೆ ನಿಂತು ತಳ್ಳುವವನು. ಫೈನಲ್ ಶುರುವಾಗಿ ಕೆಲವೇ ನಿಮಿಷಕ್ಕೆ ನಮ್ಮ ಹುಕರ್ ಎಂಬೊನಾಂಬಿಗೆ ಗಾಯವಾಗಿ ಹೊರಗೆ ಹೋದಾಗ ಉಳಿದ ಆಟವಿಡೀ ಹುಕರ್ ಆಗಿ ನಿಂತ. ಲೈನ್‌ಔಟ್, ಅಂದರೆ ಗೆರೆಯ ಹೊರಗಿನಿಂದ ಚೆಂಡು ಎಸೆಯುವ ಕೆಲಸ, ಎಡವಟ್ಟಾಯಿತು, ನಿಜ. ಆದರೂ ನಿಂತನಲ್ಲ!

ಸ್ಕ್ರಮ್ಮಿನ ಎರಡನೇ ಸಾಲಿನ ಲಾಕ್‌ಗಳಲ್ಲಿ ಎಟ್ಸೆಬೆತ್ ಮತ್ತು ನ್ಯೂಜಿಲೆಂಡಿನ ಸ್ಕಾಟ್ ಬ್ಯಾರೆಟ್. ಭಾವನದ್ದೂ ಅದೇ, ನನ್ನದೂ ಅದೇ. ಆಗಸ್ಟ್‌ನಲ್ಲಿ ಟ್ವಿಕನಮ್‌ನಲ್ಲಿ ಬ್ಯಾರೆಟ್‌ಗೆ ಎರಡು ಯೆಲ್ಲೋ ಬಿದ್ದು ರೆಡ್ ಆಗಿ, ನ್ಯೂಜಿಲೆಂಡ್ ನಮ್ಮವರ ಎದುರು 35–7ರಲ್ಲಿ ಸೋತದ್ದನ್ನು ನಾನು ಸುಮ್ನೆ ನೆನಪಿಸಿದೆ. ಸುಮ್ನೆ ಅಷ್ಟೇ.

ಆರು ಮತ್ತು ಏಳನೇ ನಂಬರಿನಲ್ಲಿ ಒಂದು ಗೊಂದಲ ಇದೆ. ಬೇರೆ ಕಡೆ ಬ್ಲೈಂಡ್‌ಸೈಡ್ (ಮೈದಾನದ ಅಂಚಿಗೆ ಹತ್ತಿರದ ಪಕ್ಕದ) ಫ್ಲ್ಯಾಂಕರ್ ಆರನೇ ನಂಬರ್ ಜೆರ್ಸಿ ಹಾಕಿದರೆ ದಕ್ಷಿಣ ಆಫ್ರಿಕಾದಲ್ಲಿ ಏಳು ಹಾಕುತ್ತಾನೆ. ಹಾಗಾಗಿ ಪೀಟರ್-ಸ್ಟೆಫ್ ಡು ಟಾಯ್ ಬೆನ್ನ ಮೇಲೆ ಏಳು, ನನ್ನ ಪಟ್ಟಿಯಲ್ಲಿ ಆರು. ಫೈನಲ್‌ನಲ್ಲಿ ಅವನು ಮಾಡಿದ್ದು 28 ಟ್ಯಾಕಲ್. ಒಂದು ಟ್ಯಾಕಲ್ ಅಂದರೆ ನೂರು ಕಿಲೋ ಮೇಲಿನ ಮನುಷ್ಯ ಓಡಿ ಬರುತ್ತಿರುವಾಗ ಭುಜ ಕೊಟ್ಟು ಕೆಡವಿ, ತಾನೂ ಬಿದ್ದು, ಎದ್ದು, ಮತ್ತೆ ಸಾಲಿನಲ್ಲಿ ನಿಲ್ಲುವುದು. ಇಪ್ಪತ್ತೆಂಟು ಸಲ! ಜೋರ್ಡಿ ಬ್ಯಾರೆಟ್ ಎಲ್ಲಿ ಚೆಂಡು ಹಿಡಿದರೂ ಹಳದಿ ತಲೆಯ ಈ ಉದ್ದನೆ ಮನುಷ್ಯ ಅಲ್ಲಿ ಹಾಜರ್. ಅವನೇ ಪಂದ್ಯದ ಶ್ರೇಷ್ಠ ಆಟಗಾರ. ಆದರೂ ಡ್ರೀಮ್ ಟೀಮಿನಲ್ಲಿ ಅವನಿಗೆ ಜಾಗವಿಲ್ಲ. ನನಗೆ ಉರಿದದ್ದು ಇಲ್ಲೇ.

ಏಳಕ್ಕೆ ನಾನು ಹಾಕಿದ ಹೆಸರು ನೋಡಿ ಭಾವ ನಕ್ಕರು. ಫಿಜಿಯ ಲೆವಾನಿ ಬೊಟಿಯಾ. ರಗ್ಬಿಯಿಂದ ಹೊಟ್ಟೆ ತುಂಬುವ ಮೊದಲು ಅಲ್ಲಿ ಜೈಲಿನಲ್ಲಿ ಗಾರ್ಡ್ ಆಗಿದ್ದವನು. ಸೆಂಟರ್ ಆಗಿಯೂ ಆಡುತ್ತಾನೆ, ಫ್ಲ್ಯಾಂಕರ್ ಆಗಿಯೂ ಆಡುತ್ತಾನೆ. ಬಿದ್ದವನ ಮೇಲೆ ಬಗ್ಗಿ ಚೆಂಡಿಗೆ ಕೈ ಹಾಕಿದರೆ ಅಲ್ಲಾಡಿಸಲಿಕ್ಕೆ ಆಗಲ್ಲ, ಹಲಸಿನ ಮರಕ್ಕೆ ತಬ್ಬಿದ ಹಾಗೆ. ಫಿಜಿ ಆ ವರ್ಷ ಟ್ವಿಕನಮ್‌ನಲ್ಲಿ ಇಂಗ್ಲೆಂಡನ್ನು ಮೊದಲ ಸಲ ಸೋಲಿಸಿತು, ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನು 22–15ರಲ್ಲಿ ಮಲಗಿಸಿತು. ಆಸ್ಟ್ರೇಲಿಯಾ ಮೇಲೆ ಅವರು ಅದಕ್ಕೂ ಮೊದಲು ಗೆದ್ದದ್ದು 1954ರಲ್ಲಿ. ಇಂಥ ವರ್ಷದಲ್ಲಿ ಫಿಜಿಯ ಒಬ್ಬನೂ ಇಲ್ಲದ ಪಟ್ಟಿ ಪಟ್ಟಿಯೇ ಅಲ್ಲ ಅಂತ ನನ್ನ ಅಭಿಪ್ರಾಯ.

ಎಂಟು ಆರ್ಡಿ ಸವೇಯಾ. ವರ್ಷದ ಆಟಗಾರ ಪ್ರಶಸ್ತಿ ಅವನಿಗೇ ಬಂತು, ಬರಬೇಕಾದ್ದೇ. ಒಂಬತ್ತು ಆಂಟ್ವಾನ್ ಡುಪಾಂ. ನಮೀಬಿಯಾ ವಿರುದ್ಧ ಫ್ರಾನ್ಸ್ 96–0 ಗೆದ್ದ ಪಂದ್ಯದಲ್ಲಿ ಕೆನ್ನೆಮೂಳೆ ಮುರಿದುಕೊಂಡ. ಆಪರೇಷನ್ ಮಾಡಿಸಿಕೊಂಡು, ಒಂದು ತಿಂಗಳೂ ಆಗುವ ಮೊದಲೇ, ತಲೆಗೆ ಕ್ಯಾಪ್ ಕಟ್ಟಿಕೊಂಡು ಕ್ವಾರ್ಟರ್ ಫೈನಲ್ ಆಡಿದ. ಅವನ ಬಗ್ಗೆ ವಾದ ಮಾಡುವವರ ಜೊತೆ ನಾನು ಮಾತಾಡಲ್ಲ. ಭಾವನೂ ಆರನ್ ಸ್ಮಿತ್ ಹೆಸರು ಒಮ್ಮೆ ಎತ್ತಿ ಬಿಟ್ಟುಬಿಟ್ಟರು.

ಹಿಂದಿನ ಸಾಲಿನವರನ್ನು ಬೇಗ ಮುಗಿಸಿದೆವು. ರೆಕ್ಕೆಗಳಲ್ಲಿ ಜೇಮ್ಸ್ ಲೋ ಮತ್ತು ವಿಲ್ ಜೋರ್ಡನ್. ಜೋರ್ಡನ್ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹಾಕಿ ದಾಖಲೆ ಸರಿಗಟ್ಟಿದ್ದಾನೆ. ಸೆಂಟರ್‌ಗಳು ಬುಂಡಿ ಆಕಿ ಮತ್ತು ಗ್ಯಾರಿ ರಿಂಗ್‌ರೋಸ್. ಆಕಿ ಹುಟ್ಟಿದ್ದು ಆಕ್ಲೆಂಡಿನಲ್ಲಿ, ಆಡುವುದು ಐರ್ಲೆಂಡಿಗೆ. ಕ್ವಾರ್ಟರ್ ಫೈನಲ್‌ನಲ್ಲಿ ತಾನು ಹುಟ್ಟಿದ ದೇಶದ ಮೇಲೇ ಟ್ರೈ ಹಾಕಿದ. "ನಿಮ್ಮೂರ ಹುಡುಗ ಭಾವ, ಬಿಟ್ಟುಕೊಟ್ರಿ" ಅಂದೆ. "ಲೋನೂ ಇಲ್ಲಿಯವನೇ" ಅಂತ ಅವರೇ ನಿಟ್ಟುಸಿರು ಬಿಟ್ಟರು. ಫುಲ್‌ಬ್ಯಾಕ್‌ಗೆ ಅವರದ್ದು ತೊಮಾ ರಾಮೋಸ್. ಕ್ವಾರ್ಟರ್ ಫೈನಲ್‌ನಲ್ಲಿ ಟ್ರೈ ಆದ ಮೇಲೆ ಸಿಗುವ ಹೆಚ್ಚುವರಿ ಒದೆತಕ್ಕೆ ಅವನು ಹೆಜ್ಜೆ ಇಟ್ಟ ತಕ್ಷಣ ನಮ್ಮ ಚೆಸ್ಲಿನ್ ಕೋಲ್ಬಿ ಗೆರೆಯಿಂದ ಬಾಣದ ಹಾಗೆ ಓಡಿ ಬಂದು ಚೆಂಡಿಗೆ ಕೈ ಕೊಟ್ಟನಲ್ಲ, ಫ್ರಾನ್ಸ್ ಸೋತದ್ದು ಒಂದೇ ಪಾಯಿಂಟ್‌ನಲ್ಲಿ, 29–28. ಪಾಪ, ಅದು ಅವನ ತಪ್ಪಲ್ಲ. ಆದರೆ ಮೇಲಿನಿಂದ ಬೀಳುವ ಚೆಂಡನ್ನು ಹಿಡಿಯುವ ಕೆಲಸಕ್ಕೆ ನನಗೆ ಹ್ಯೂಗೊ ಕೀನನ್ ಮೇಲೆ ನಂಬಿಕೆ ಜಾಸ್ತಿ.

ಉಳಿದದ್ದು ಹತ್ತನೇ ನಂಬರ್, ಆಟ ನಡೆಸುವವನ ಜಾಗ. ಇಲ್ಲಿ ಸಿಕ್ಕಿಬಿದ್ದೆವು.

ಭಾವನದ್ದು ರಿಚಿ ಮೊಉಂಗಾ. ಐರ್ಲೆಂಡ್ ವಿರುದ್ಧ ಅವನು ಸಂದಿಯಲ್ಲಿ ನುಗ್ಗಿ ಓಡಿ ಜೋರ್ಡನ್‌ಗೆ ಟ್ರೈ ಮಾಡಿಸಿದ್ದು ನನ್ನ ಕಣ್ಣಲ್ಲೂ ಇದೆ. ನನ್ನದು ಹಾಂಡ್ರೆ ಪೊಲಾರ್ಡ್. ಅವನು ಮೊದಲ ತಂಡದಲ್ಲೇ ಇರಲಿಲ್ಲ, ಮೀನಖಂಡದ ನೋವು. ಹುಕರ್ ಮಾಲ್ಕಮ್ ಮಾರ್ಕ್ಸ್‌ಗೆ ಗಾಯವಾದಾಗ ಆ ಜಾಗಕ್ಕೆ ಕರೆಸಿದರು. ಸೆಮಿಫೈನಲ್‌ನಲ್ಲಿ ಆ ಮಳೆಯಲ್ಲಿ, ಮಧ್ಯಗೆರೆಯ ಹತ್ತಿರದಿಂದ, ಹತ್ತಿರ ಹತ್ತಿರ ಐವತ್ತು ಮೀಟರ್, ಎರಡು ನಿಮಿಷ ಬಾಕಿ ಇರುವಾಗ ಒದ್ದ. ಒದ್ದ ಮೇಲೆ ಅವನ ಮುಖದಲ್ಲಿ ಏನೂ ಇರಲಿಲ್ಲ, ಹಾಲು ತರಲು ಅಂಗಡಿಗೆ ಹೋಗಿ ಬಂದವನ ಹಾಗೆ. 16–15. ಫೈನಲ್‌ನಲ್ಲಿ ನಾಲ್ಕಕ್ಕೆ ನಾಲ್ಕು, ತಂಡದ ಹನ್ನೆರಡು ಪಾಯಿಂಟೂ ಅವನದ್ದೇ.

"ವಿಶ್ವಕಪ್‌ನಲ್ಲಿ ಆಡಿದ್ದೇ ನಾಲ್ಕು ಪಂದ್ಯ, ಅದರಲ್ಲಿ ಎರಡು ಬೆಂಚಿಂದ. ಇದು ವರ್ಷದ ಟೀಮ್ ತಾನೇ?" ಅಂದರು ಭಾವ. ಉತ್ತರ ಇರಲಿಲ್ಲ. ಕಷ್ಟಪಟ್ಟು ದುಡಿದವನಿಗೆ ಜಾಗ ಅಂತ ಎನ್‌ಚೆ, ಮಲ್ಹರ್ಬರಿಗಾಗಿ ಅಷ್ಟು ಹೊತ್ತು ವಾದ ಮಾಡಿದವನು ನಾನೇ, ಈಗ ನಾಲ್ಕು ಒದೆತಕ್ಕೆ ಮರುಳಾಗಿದ್ದೇನೆ. ಹೋಗಲಿ ಮೊಉಂಗಾನೇ ಇರಲಿ ಅನ್ನೋಣ ಅಂದರೆ ಫೈನಲ್‌ನಲ್ಲಿ ಬ್ಯೂಡೆನ್ ಬ್ಯಾರೆಟ್ ಟ್ರೈ ಹಾಕಿದ ಮೇಲೆ ಅವನು ಒದ್ದ ಚೆಂಡು ಹೊರಗೆ ಹೋಯಿತಲ್ಲ, ಅದು ಮರೆಯಲಿಕ್ಕೆ ಆಗುತ್ತಿಲ್ಲ. ಕೊನೆಗೆ ಹತ್ತನೇ ಜಾಗ ಖಾಲಿ ಬಿಟ್ಟು ಪಟ್ಟಿ ಕಳಿಸಿದೆ.

ಎರಡೇ ನಿಮಿಷಕ್ಕೆ ಫೋನ್ ಬಂತು. "ಏನೋ ಇದು, ಹದಿನಾಲ್ಕು ಜನರನ್ನ ಇಟ್ಕೊಂಡು ಯಾರಾದ್ರೂ ರಗ್ಬಿ ಆಡ್ತಾರಾ?"

"ನಿಮ್ಮವರು ಫೈನಲ್ ಆಡಲಿಲ್ವಾ ಭಾವ?" ಅಂದೆ.